ಗ್ರಾಚಾರಕ್ಕೆ

ಕೆಟ್ಟ ಸುದ್ದಿಯನ್ನು ಬರೆಯುವಾಗ ಪತ್ರಿಕೆಗಳು ‘ದುರದೃಷ್ಟವಶಾತ್’ ಎನ್ನುತ್ತವೆ. ಕುಂದಾಪುರದ ಬಸ್ ನಿಲ್ದಾಣದಲ್ಲಿ ಆ ಪದ ಯಾರ ಬಾಯಿಗೂ ಬರುವುದಿಲ್ಲ. ‘ಗ್ರಾಚಾರಕ್ಕೆ ನಾ ಬಪ್ಪತಿಗೆ ಬಸ್ ಹೋಯಿ ಆಯ್ತ್ ಮಾರಾಯ್ರೆ’ ಎನ್ನುತ್ತಾರೆ. ಅತ್ತ ಬೈಂದೂರು, ಇತ್ತ ಬ್ರಹ್ಮಾವರ, ಎರಡೂ ಕಡೆ ಇಂಗ್ಲಿಷಿನ ‘ಅನ್‌ಫಾರ್ಚುನೇಟ್ಲಿ’ ಮಾಡುವ ಕೆಲಸವನ್ನು ಈ ಒಂದು ಮಾತೇ ಮಾಡಿಬಿಡುತ್ತದೆ.

ಗ್ರಾಚಾರದ ಮೂಲ ಗ್ರಹಚಾರ. ಚಾರ ಎಂದರೆ ಬರೀ ಸಂಚಾರ. ಅದರಲ್ಲಿ ಒಳಿತೂ ಇಲ್ಲ, ಕೆಡುಕೂ ಇಲ್ಲ. 6ನೇ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯ ಅಧ್ಯಾಯಗಳಿಗೆ ಆದಿತ್ಯಚಾರ, ಚಂದ್ರಚಾರ, ರಾಹುಚಾರ ಎಂದೇ ಹೆಸರಿಟ್ಟ. ಗ್ರಹಗಳು ನಡೆದ ದಾರಿಯ ಲೆಕ್ಕ ಅದು.

ಆ ಲೆಕ್ಕದಲ್ಲಿ ಹೆದರಿಕೆ ಹುಟ್ಟಿಸಿದವನು ಶನಿ. 12 ರಾಶಿಗಳನ್ನು ಸುತ್ತಲು ಅವನಿಗೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು, ಅಂದರೆ ಒಂದೊಂದು ರಾಶಿಗೆ ಹತ್ತಿರಹತ್ತಿರ ಎರಡೂವರೆ ವರ್ಷ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು ಸೇರಿದರೆ ಏಳೂವರೆ. ಅದೇ ಸಾಡೇಸಾತಿ.

ಕರಾವಳಿಯಲ್ಲಿ ಈ ಗಣಿತ ಜನರಿಗೆ ತಲುಪಿದ್ದು ಪಂಚಾಂಗದಿಂದ ಮಾತ್ರವಲ್ಲ, ಶನಿಪೂಜೆಯ ರಾತ್ರಿಯ ತಾಳಮದ್ದಳೆಯಿಂದಲೂ ಹೌದು. ‘ಶನೀಶ್ವರ ಮಹಾತ್ಮೆ’ಯಲ್ಲಿ ವಿಕ್ರಮರಾಜ ಶನಿಯನ್ನು ಹಗುರವಾಗಿ ಆಡಿಕೊಳ್ಳುತ್ತಾನೆ. ಕೊಳ್ಳಬೇಕೆಂದು ಏರಿದ ಕುದುರೆ ಅವನನ್ನು ಎಲ್ಲಿಗೋ ಹೊತ್ತೊಯ್ಯುತ್ತದೆ. ಕದಿಯದ ಹಾರದ ಕಳವು ತಲೆಗೆ ಬರುತ್ತದೆ. ಕೈಕಾಲು ಕಳೆದುಕೊಂಡು ಗಾಣ ತಿರುಗಿಸುತ್ತಾನೆ. ಇಷ್ಟು ಕೇಳಿದ ಊರಿನಲ್ಲಿ ಗ್ರಹಚಾರ ಎಂದರೆ ಕೆಟ್ಟ ಕಾಲವೇ ಅಲ್ಲದೆ ಇನ್ನೇನು?

ಇತ್ತ ‘ಅದೃಷ್ಟ’ದ ಕಥೆ ತಿರುಗುಮುರುಗು. ಕಣ್ಣಿಗೆ ಕಾಣದ್ದು ಅದೃಷ್ಟ. ದರ್ಶನಶಾಸ್ತ್ರದಲ್ಲಿ ಅದು ಕರ್ಮದ ಕಾಣದ ಶಕ್ತಿ, ಪುಣ್ಯದ್ದೂ ಇರಬಹುದು, ಪಾಪದ್ದೂ ಇರಬಹುದು. ಆಡುತ್ತ ಆಡುತ್ತ ಅದು ಒಳ್ಳೆಯದಕ್ಕೇ ಮೀಸಲಾಗಿ, ಕೆಟ್ಟದಕ್ಕೆ ‘ದುರ್’ ಹಚ್ಚಬೇಕಾಯಿತು. ರೋಮನ್ನರ ಫಾರ್ಚುನಾ ದೇವಿಯೂ ಕೊಡುವವಳು, ಕಸಿಯುವವಳು ಎರಡೂ ಆಗಿದ್ದಳು. ಇಂಗ್ಲಿಷಿನಲ್ಲಿ ಅವಳ ಹೆಸರು ಸೌಭಾಗ್ಯದ ಕಡೆ ವಾಲಿ, ದುಃಖಕ್ಕೆ ‘ಅನ್’ ಬೇಕಾಯಿತು. ಗ್ರಹಚಾರಕ್ಕೆ ಮಾತ್ರ ಅಂಥ ಬಾಲವೂ ಬೇಕಿಲ್ಲ, ಕೊಂಬೂ ಬೇಕಿಲ್ಲ.

ಬಳಕೆಯಲ್ಲಿ ಇನ್ನೂ ಒಂದು ಅನುಕೂಲ ಇದೆ. ‘ದುರದೃಷ್ಟವಶಾತ್’ ಎಂದಾಗ ದುರದೃಷ್ಟ ಯಾರದ್ದೆಂದು ಗೊತ್ತಾಗುವುದಿಲ್ಲ. ಗ್ರಾಚಾರಕ್ಕೆ ವಾರಸುದಾರರು ಇರುತ್ತಾರೆ. ‘ನನ್ನ ಗ್ರಾಚಾರಕ್ಕೆ’ ಎಂದರೆ ಅಳಲು. ‘ಅವನ ಗ್ರಾಚಾರ’ ಎಂದು ಬರಿದೇ ಬಿಟ್ಟರೆ ಅರ್ಧ ಕನಿಕರ, ಇನ್ನರ್ಧ ‘ನಾವೆಂತ ಮಾಡೂಕಾತ್ತ್’ ಎಂಬ ಕೈತೊಳೆಯುವಿಕೆ. ಮೀನುಗಾರಿಕೆಯ ಋತು ಶುರುವಾದ ವಾರದಲ್ಲೇ ಬೋಟಿನ ಎಂಜಿನ್ ಕೆಟ್ಟರೆ ಎರಡೂ ಕೇಳಿಸುತ್ತವೆ: ಮೊದಲನೆಯದು ಬೋಟಿನವರ ಬಾಯಲ್ಲಿ, ಎರಡನೆಯದು ದಕ್ಕೆಯಲ್ಲಿ ನಿಂತವರ ಬಾಯಲ್ಲಿ.

ಇಷ್ಟಾದರೂ ಆಕಾಶದ ಮೇಲೆ ಹೊರಿಸಿದ ತಪ್ಪು ಅಲ್ಲೇ ಉಳಿಯುವುದಿಲ್ಲ. ಗ್ರಹದೋಷ ಬಿಡಿಸುವ ಶಾಂತಿಕರ್ಮದ ನೆರಳು ‘ಗ್ರಹಚಾರ ಬಿಡಿಸು’ ಎಂಬ ಮಾತಿನ ಮೇಲಿದೆ. ಕರ್ನಾಟಕದ ಉದ್ದಗಲಕ್ಕೂ ಅದರ ಅರ್ಥ ಮಾತ್ರ ಬೈಗುಳ, ಇಲ್ಲವೇ ಪೆಟ್ಟು. ನೆರೆಮನೆಯ ಹೆಂಚು ಒಡೆದ ಹುಡುಗನಿಗೆ ಅಪ್ಪಯ್ಯ ‘ಇವತ್ತ್ ನಿನ್ ಗ್ರಾಚಾರ ಬಿಡಿಸ್ತೆ’ ಎಂದರೆ, ಅವನು ಪಂಚಾಂಗ ಹುಡುಕುವುದಿಲ್ಲ. ಹಿತ್ತಲ ಬಾಗಿಲು ಹುಡುಕುತ್ತಾನೆ.