ಡ್ರೋನಿನಿಂದ ಡ್ರೋನಿಗೆ: ಸಂದೇಶ ಸಾಗುವ ದಾರಿ



ಡ್ರೋನ್‌ಗಳ ಗುಂಪು ಎಂದ ಕೂಡಲೇ ನಮ್ಮಲ್ಲಿ ಹಲವರಿಗೆ ನೆನಪಾಗುವುದು 2022ರ ಜನವರಿಯಲ್ಲಿ ದೆಹಲಿಯ ಬೀಟಿಂಗ್ ರಿಟ್ರೀಟ್ ಸಮಾರಂಭದಲ್ಲಿ ಸಾವಿರ ಡ್ರೋನ್‌ಗಳು ಬರೆದ ಬೆಳಕಿನ ಚಿತ್ತಾರ. ಅಂಥ ಪ್ರದರ್ಶನಗಳಲ್ಲಿ ಯಾವ ಡ್ರೋನ್ ಯಾವಾಗ ಎಲ್ಲಿರಬೇಕು ಎಂಬುದು ಸಾಮಾನ್ಯವಾಗಿ ಹಾರುವ ಮೊದಲೇ ಗೊತ್ತಾಗಿರುತ್ತದೆ. ಇಂದಿನ ನನ್ನ ವಿಷಯ ಬೇರೆ: ಹಾರುತ್ತಲೇ ಪರಸ್ಪರ ಮಾತಾಡಬೇಕಾದ ಡ್ರೋನ್‌ಗಳು.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ರಸ್ತೆ, ಕರೆಂಟು, ಫೋನು ಎಲ್ಲವೂ ಒಟ್ಟಿಗೇ ಕಡಿದುಹೋದ ಊರುಗಳಿದ್ದವು. ಅಂಥ ಜಾಗದಲ್ಲಿ ಗುಡ್ಡದ ಆಚೆ ಹಾರುವ ಡ್ರೋನಿನ ಕ್ಯಾಮೆರಾಕ್ಕೆ ಮಾಡಿನ ಮೇಲೆ ನಿಂತವರೊಬ್ಬರು ಕಂಡರು ಎಂದಿಟ್ಟುಕೊಳ್ಳಿ. ಆ ಚಿತ್ರ ಈಚೆಗಿರುವ ರಕ್ಷಣಾ ತಂಡಕ್ಕೆ ಮುಟ್ಟಬೇಕು. ಗುಡ್ಡ ಅಡ್ಡವಿದ್ದರೆ ಸಿಗ್ನಲ್ ನೇರವಾಗಿ ಬರುವುದಿಲ್ಲ. ಬಾವಿಯಿಂದ ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವಂತೆ, ಮೇಲೆ ಹಾರುವ ಇನ್ನೊಂದು ಡ್ರೋನ್ ಅದನ್ನು ಪಡೆದು ಮುಂದಕ್ಕೆ ಕೊಡಬೇಕು. ಯಾರ ಮೂಲಕ ದಾಟಿಸುವುದು ಎಂಬ ತೀರ್ಮಾನವೇ ರೂಟಿಂಗ್.

ಇದಕ್ಕೆ ಹೆಸರಾದ ಎರಡು ವಿಧಾನಗಳಿವೆ. ಎಒಡಿವಿ ಎಂಬುದನ್ನು ಚಾರ್ಲ್ಸ್ ಪರ್ಕಿನ್ಸ್ ಮತ್ತು ಎಲಿಜಬೆತ್ ರಾಯರ್ 1999ರಲ್ಲಿ ಮಂಡಿಸಿದರು. ಅದು ಬೇಕೆನಿಸಿದಾಗ ಮಾತ್ರ ದಾರಿ ಹುಡುಕುತ್ತದೆ. ಓಎಲ್‌ಎಸ್‌ಆರ್ ಎಂಬುದು ಎಲ್ಲರ ದಾರಿಯನ್ನೂ ಸದಾ ಸಿದ್ಧವಾಗಿಟ್ಟುಕೊಳ್ಳುತ್ತದೆ. ಎರಡೂ 2003ರಲ್ಲಿ ಆರ್‌ಎಫ್‌ಸಿಗಳಾದವು, ಅಂದರೆ ಇಂಟರ್ನೆಟ್ಟಿನ ತಾಂತ್ರಿಕ ವಿಧಾನಗಳನ್ನು ವಿವರಿಸುವ ದಾಖಲೆಗಳು. ಅವು ಡ್ರೋನಿಗೆಂದೇ ರೂಪಿಸಿದವಲ್ಲ.

ತೊಡಕು ಎಲ್ಲಿದೆ ನೋಡಿ. ಓಎಲ್‌ಎಸ್‌ಆರ್ ದಾಖಲೆ ಸೂಚಿಸುವ ಪ್ರಕಾರ ಪ್ರತಿ ಯಂತ್ರವೂ 2 ಸೆಕೆಂಡಿಗೊಮ್ಮೆ ‘ಹಲೋ’ ಸಂದೇಶ ಕಳಿಸುತ್ತದೆ. ನೆರೆಯ ಯಂತ್ರದಿಂದ 6 ಸೆಕೆಂಡು ಹಲೋ ಬರದಿದ್ದರೆ ಸಂಪರ್ಕ ಹೋಯಿತೆಂದು ತಿಳಿಯುತ್ತದೆ. ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿದು ನಡೆಯುವವರಿಗೆ ಇದು ಸಾಕು. ಆದರೆ ಸೆಕೆಂಡಿಗೆ 12 ಮೀಟರ್ ವೇಗದ ಎರಡು ಡ್ರೋನ್‌ಗಳು ವಿರುದ್ಧ ದಿಕ್ಕಿಗೆ ಹಾರಿದರೆ ಆ 6 ಸೆಕೆಂಡಿನಲ್ಲಿ 144 ಮೀಟರ್ ದೂರವಾಗಿರುತ್ತವೆ. ಅಷ್ಟು ಹೊತ್ತೂ ಚಿತ್ರಗಳು ಇಲ್ಲದ ದಾರಿಗೆ ಸುರಿದು ಕಳೆದುಹೋಗುತ್ತವೆ. ಸಾಲದ್ದಕ್ಕೆ, ತಿರುವಿನಲ್ಲಿ ಡ್ರೋನ್ ಒಂದು ಪಕ್ಕಕ್ಕೆ ವಾಲಿದಾಗ ಆಂಟೆನಾ ಕೂಡ ವಾಲುತ್ತದೆ. ಹತ್ತಿರವಿದ್ದರೂ ಸಿಗ್ನಲ್ ಕುಸಿಯಬಹುದು.

ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಇಪಿಎಫ್‌ಎಲ್ ಸಂಸ್ಥೆಯ ಸಂಶೋಧಕರು ಹಿಡಿದ ದಾರಿ ನನಗೆ ಬಹಳ ಮೆಚ್ಚುಗೆಯಾದದ್ದು. ಡ್ರೋನಿಗೆ ತಾನೆಲ್ಲಿದ್ದೇನೆ ಎಂಬುದು ಜಿಪಿಎಸ್‌ನಿಂದ ಹೇಗೂ ಗೊತ್ತು. ಆ ಮಾಹಿತಿಯನ್ನು ಹಲೋ ಸಂದೇಶದಲ್ಲೇ ಸೇರಿಸಿದರು. ಅದರಿಂದ ನೆರೆಯ ಡ್ರೋನ್ ಹತ್ತಿರವಾಗುತ್ತಿದೆಯೋ ದೂರವಾಗುತ್ತಿದೆಯೋ, ಎಷ್ಟು ವೇಗದಲ್ಲಿ ಎಂದು ಲೆಕ್ಕ ಹಾಕಬಹುದು. ದೂರ ಸರಿಯುತ್ತಿರುವ ಡ್ರೋನಿನ ಸಂಪರ್ಕಕ್ಕೆ ಅದು ಕಡಿಯುವ ಮೊದಲೇ ಬೆಲೆ ಇಳಿಸಿ, ಬೇರೆ ದಾರಿಗೆ ಹೊರಳುವ ಏರ್ಪಾಡು ಇದು. ಹೆಸರು ಪಿ-ಓಎಲ್‌ಎಸ್‌ಆರ್. ಕಂಪ್ಯೂಟರಿನಲ್ಲಿ ತೋರಿಸಿ ಸುಮ್ಮನಾಗದೆ, ಒಂದು ಕಿಲೋಗಿಂತಲೂ ಹಗುರವಾದ ಈಬೀ ಎಂಬ ರೆಕ್ಕೆಯ ಡ್ರೋನ್‌ಗಳನ್ನು ನಿಜವಾಗಿ ಹಾರಿಸಿ ನೋಡಿದರು. ದಾರಿ ಬದಲಾಗಬೇಕಾದ ಹೊತ್ತಿನಲ್ಲಿ ಹಳೆಯ ವಿಧಾನ ತಡವರಿಸಿದಲ್ಲಿ ಹೊಸದು ಬೇಗನೆ ಹೊರಳಿತು.

ಹಾಗೆಂದು ಹೆಚ್ಚು ಡ್ರೋನ್ ಹಾರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಒಂದೇ ಚಾನೆಲ್‌ನಲ್ಲಿ ಮಾತಾಡುವವರು ಹೆಚ್ಚಿದಷ್ಟೂ ಪ್ರತಿಯೊಬ್ಬರ ಪಾಲು ಕಡಿಮೆಯಾಗುತ್ತದೆ. ಒಂದರಿಂದ ಒಂದಕ್ಕೆ ದಾಟಿಸುವಾಗಲೂ ಅದೇ ಚಾನೆಲ್ ಮತ್ತೆ ಮತ್ತೆ ಖರ್ಚಾಗುತ್ತದೆ.

ಈ ಸಭೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದರೆ ಅವರಲ್ಲಿ ನನ್ನ ಕೋರಿಕೆ ಇದು. ನಾನು ಹೇಳಿದ ಎರಡೂ ಆರ್‌ಎಫ್‌ಸಿಗಳು ಯಾರಿಗಾದರೂ ಉಚಿತವಾಗಿ ಸಿಗುತ್ತವೆ, ಓದಿ. ಪ್ರಾಜೆಕ್ಟನ್ನು ಸಿಮ್ಯುಲೇಶನ್‌ನಲ್ಲೇ ಮುಗಿಸಬೇಡಿ. ಅನುಮತಿ ಇರುವ ಬಯಲಿನಲ್ಲಿ ಎರಡೇ ಡ್ರೋನ್ ಹಾರಿಸಿದರೂ ಸರಿ, ಸಂಪರ್ಕ ಎಲ್ಲಿ ಕಡಿಯಿತು, ಎಷ್ಟು ಹೊತ್ತು ಕಡಿದಿತ್ತು ಎಂದು ಅಳೆದು ಬರೆದಿಡಿ. ಮಲೆನಾಡಿನ ಗುಡ್ಡಗಳ ನಡುವೆ ಅಳೆದ ಅಂಥ ಅಂಕಿಗಳು ನಮಗೆ ಬೇಕಾಗಿವೆ.