ಯಾರ ಮಕ್ಕಳು, ಯಾರ ಲೆಕ್ಕ?

ಕೊಟ್ಟಾಯಂನ ಹುಡುಗಿಯೊಬ್ಬಳು ಬೆಂಗಳೂರಿಗೆ ಬಂದು ನರ್ಸಿಂಗ್ ಓದುತ್ತಿದ್ದಾಳೆ ಎನ್ನಿ. ಬೀದರಿನ ಹುಡುಗನೊಬ್ಬ ಹೈದರಾಬಾದಿಗೆ ಹೋಗಿ ಎಂಜಿನಿಯರಿಂಗ್ ಸೇರಿದ್ದಾನೆ. ಉನ್ನತ ಶಿಕ್ಷಣದಲ್ಲಿ ಯಾವ ರಾಜ್ಯ ಮುಂದೆ, ಯಾವುದು ಹಿಂದೆ ಎಂದು ಅಳೆಯುವಾಗ ಇವರಿಬ್ಬರೂ ಯಾರ ಲೆಕ್ಕಕ್ಕೆ ಸೇರುತ್ತಾರೆ?

ನಮ್ಮಲ್ಲಿ ಬಳಕೆಯಲ್ಲಿರುವ ಮುಖ್ಯ ಅಳತೆ ಒಟ್ಟು ದಾಖಲಾತಿ ಅನುಪಾತ. 18ರಿಂದ 23 ವರ್ಷದವರು ನೂರು ಮಂದಿ ಇದ್ದರೆ, ಕಾಲೇಜು ಸೇರಿದವರು ಎಷ್ಟು ಎಂಬ ಲೆಕ್ಕ ಅದು. ಕೇಂದ್ರ ಶಿಕ್ಷಣ ಸಚಿವಾಲಯದ 2021-22ರ ಸಮೀಕ್ಷೆಯಲ್ಲಿ ದೇಶದ್ದು 28.4, ಕರ್ನಾಟಕದ್ದು 36.2, ತಮಿಳುನಾಡಿನದು 47. ಮೂರನ್ನೂ ಪಕ್ಕಪಕ್ಕ ಇಟ್ಟರೆ ಸಾಕು, ನೆರೆಯವರು ಏನು ಮಾಡಿದರು, ನಾವೇನು ಬಿಟ್ಟೆವು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ರಾಜ್ಯಗಳಿಗೆ ಅಂಕ ಕೊಡುವುದರ ಲಾಭ ಇದು.

ಆದರೆ ಆ ಭಾಗಾಕಾರವನ್ನು ಬಿಡಿಸಿ ನೋಡಿ. ಗೆರೆಯ ಮೇಲಿರುವವರು ರಾಜ್ಯದ ಕಾಲೇಜುಗಳಲ್ಲಿ ಓದುವವರೆಲ್ಲ. ಊರು ಯಾವುದಾದರೂ ಸರಿ, ವಯಸ್ಸು ಎಷ್ಟಾದರೂ ಸರಿ. ಕೆಳಗಿರುವುದು 2011ರ ಜನಗಣತಿಯ ಮೇಲೆ ಕಟ್ಟಿದ, ರಾಜ್ಯದ ಯುವಜನರ ಅಂದಾಜು. ಹಾಗಾಗಿ ಕೊಟ್ಟಾಯಂ ಹುಡುಗಿ ಕರ್ನಾಟಕದ ಅಂಕ ಏರಿಸುತ್ತಾಳೆ, ಬೀದರಿನ ಹುಡುಗ ತೆಲಂಗಾಣದ್ದನ್ನು. ಸುತ್ತಲ ರಾಜ್ಯಗಳ ಮಕ್ಕಳು ಬಂದು ಓದುವ ಚಂಡೀಗಢ ಅದೇ ಸಮೀಕ್ಷೆಯಲ್ಲಿ 60 ದಾಟಿತ್ತು.

ಸರಾಸರಿ ಮನೆಯೊಳಗಿನ ಅಂತರವನ್ನೂ ಮುಚ್ಚುತ್ತದೆ. ದೇಶದಲ್ಲೇ ಅತಿ ಹೆಚ್ಚು ಕಾಲೇಜುಗಳಿರುವ ಜಿಲ್ಲೆ ಬೆಂಗಳೂರು ನಗರ. ಯಾದಗಿರಿಯ ಹಳ್ಳಿಯಲ್ಲಿ ಪಿಯುಸಿ ಮುಗಿಸಿದವಳಿಗೆ ಅದರಿಂದೇನು? ಅವಳ ಓದು ನಿಂತಿರುವುದು ಹೊತ್ತಿಗೆ ಬರುವ ಬಸ್ಸಿನ ಮೇಲೆ, ಹಾಸ್ಟೆಲಿನಲ್ಲಿ ಸಿಗುವ ಸೀಟಿನ ಮೇಲೆ. ಅಭಿವೃದ್ಧಿಯನ್ನು ಅಳೆಯಹೊರಟ ಡಿ. ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಸರಾಸರಿಯನ್ನು ನೆಚ್ಚದೆ ತಾಲ್ಲೂಕುಗಳಿಗೆ ಇಳಿದದ್ದು ಇದಕ್ಕೇ. 2002ರಲ್ಲಿ ಅದು ಹಿಂದುಳಿದವು ಎಂದು ಗುರುತಿಸಿದ ತಾಲ್ಲೂಕುಗಳು 114.

ಇನ್ನು ಕಲಿಕೆ. ಅಮೆರಿಕದಲ್ಲಿ 2000ದಲ್ಲಿ ‘ಮೆಷರಿಂಗ್ ಅಪ್’ ಎಂಬ ವರದಿ ಐವತ್ತು ರಾಜ್ಯಗಳ ಉನ್ನತ ಶಿಕ್ಷಣಕ್ಕೆ ಶಾಲೆಯ ಅಂಕಪಟ್ಟಿಯ ಹಾಗೆ ಶ್ರೇಣಿ ಕೊಟ್ಟಿತು. ಎಷ್ಟು ಜನ ಸೇರಿದರು, ಶುಲ್ಕ ಕೈಗೆಟುಕುತ್ತದೆಯೇ, ಎಷ್ಟು ಜನ ಪದವಿ ಮುಗಿಸಿದರು ಎಂಬುದಕ್ಕೆಲ್ಲ ಗ್ರೇಡು ಸಿಕ್ಕಿತು. ವಿದ್ಯಾರ್ಥಿಗಳು ಕಲಿತದ್ದೇನು ಎಂಬ ಕಡೆ ಮಾತ್ರ ಐವತ್ತಕ್ಕೂ ‘ಅಪೂರ್ಣ’ ಎಂದೇ ಬರೆದರು. ರಾಜ್ಯ ರಾಜ್ಯಗಳನ್ನು ಹೋಲಿಸಬಲ್ಲ ಅಳತೆಗೋಲೇ ಅದಕ್ಕೆ ಇರಲಿಲ್ಲ.

ನಮ್ಮ 36.2ರ ಪಕ್ಕದಲ್ಲೂ ಅಂಥದೊಂದು ಖಾಲಿ ಮನೆ ಇಟ್ಟುಕೊಂಡು ಓದೋಣ. ಕೊಟ್ಟಾಯಂನವಳು ಇಲ್ಲಿಗೇಕೆ ಬಂದಳು, ಬೀದರಿನವನು ಏಕೆ ಹೋದ, ಇಬ್ಬರೂ ಏನು ಕಲಿತರು ಎಂದು ಬರೆದುಕೊಳ್ಳಲು.