ಹಳೆಯ ಕಾರು ದಾರಿಯಲ್ಲಿ ಕೈಕೊಟ್ಟಾಗ



ಹೊರನಾಡಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಕಾರು ಎಂದರೆ ಬಹುಮಟ್ಟಿಗೆ ಊರಿನ ದಾರಿಯ ನೆನಪು. ಮುಂಬಯಿ, ಪುಣೆಗಳ ಕಡೆಯವರು ಖಂಡಾಲ, ಖಂಬಾಟಕಿ ಘಟ್ಟಗಳನ್ನು ದಾಟಿ, ಕೊಲ್ಹಾಪುರದ ಮೇಲೆ ಬೆಳಗಾವಿಗೆ ಬರುತ್ತಾರೆ. ಚೆನ್ನೈನವರು ವೆಲ್ಲೂರು, ಕೃಷ್ಣಗಿರಿಗಳ ಮೇಲೆ, ಹೈದರಾಬಾದಿನವರು ಕರ್ನೂಲು, ಅನಂತಪುರಗಳ ಮೇಲೆ ಬೆಂಗಳೂರನ್ನು ಸೇರುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ಕಚೇರಿ, ಶಾಲೆ, ಮಾರುಕಟ್ಟೆ ಎಂದು ನಾಲ್ಕಾರು ಕಿಲೋಮೀಟರು ಓಡಾಡಿಕೊಂಡಿದ್ದ ಹದಿನೈದು ವರ್ಷದ ವಾಹನವು ದಸರೆಗೋ ಬೇಸಿಗೆಯ ರಜೆಗೋ ಒಮ್ಮೆಲೇ ಐನೂರು ಆರುನೂರು ಕಿಲೋಮೀಟರು ಓಡಬೇಕಾಗುತ್ತದೆ. ಅದೂ ಐದು ಜನರನ್ನೂ ಅವರ ಗಂಟುಮೂಟೆಗಳನ್ನೂ ಹೊತ್ತುಕೊಂಡು. ಅದು ಕೈಕೊಡುವುದು ಸಾಮಾನ್ಯವಾಗಿ ಅಂದೇ.

ದುರಸ್ತಿಯನ್ನು ಕಲಿಸುವುದು ಈ ಮಾತಿನ ಉದ್ದೇಶವಲ್ಲ. ಅದು ಮೆಕ್ಯಾನಿಕನ ಕೆಲಸ. ಆದರೆ ವಾಹನ ಕೆಟ್ಟ ಮೊದಲ ಹತ್ತು ನಿಮಿಷಗಳಲ್ಲಿ ಮೆಕ್ಯಾನಿಕ್ ಪಕ್ಕದಲ್ಲಿ ಇರುವುದಿಲ್ಲ. ಯಾವ ದೋಷ ಕಾಣಿಸಿಕೊಂಡರೆ ನಿಧಾನವಾಗಿ ಮುಂದಿನ ಊರನ್ನು ಸೇರಬಹುದು, ಯಾವುದು ಕಾಣಿಸಿಕೊಂಡರೆ ಆ ಕ್ಷಣವೇ ನಿಲ್ಲಿಸಬೇಕು ಎಂಬ ವಿವೇಚನೆ ಚಾಲಕನದೇ ಆಗಿರಬೇಕು. ಅನೇಕ ಸಂದರ್ಭಗಳಲ್ಲಿ ಇಂಜಿನ್ನು ಉಳಿಯುವುದೂ, ಕೆಲವು ಸಂದರ್ಭಗಳಲ್ಲಿ ಪ್ರಾಣ ಉಳಿಯುವುದೂ ಈ ವಿವೇಚನೆಯಿಂದಲೇ.

ಚಾಲಕನ ಎದುರಿನ ಫಲಕದಲ್ಲಿ ಹೊತ್ತಿಕೊಳ್ಳುವ ದೀಪಗಳ ಬಣ್ಣವೇ ಇದಕ್ಕೆ ಮೊದಲ ಸೂಚನೆ. ಹಳದಿ ದೀಪವು ಸಾಮಾನ್ಯವಾಗಿ 'ಬೇಗನೆ ತೋರಿಸಿ' ಎಂದು ಹೇಳುತ್ತದೆ. ಕೆಂಪು ದೀಪವು 'ಈಗಲೇ ಗಮನಿಸಿ' ಎಂದು ಹೇಳುತ್ತದೆ. ಎಣ್ಣೆಯ ಕ್ಯಾನಿನ ಚಿತ್ರವುಳ್ಳ ಕೆಂಪು ದೀಪ ಓಡುತ್ತಿರುವಾಗ ಹೊತ್ತಿಕೊಂಡರೆ ಇಂಜಿನ್ನಿನೊಳಗೆ ಎಣ್ಣೆಯ ಒತ್ತಡ ಇಳಿದಿದೆ ಎಂದರ್ಥ. ಆಗ ಮುಂದಿನ ಪೆಟ್ರೋಲ್ ಬಂಕಿನವರೆಗೆ ಹೋಗೋಣ ಎಂಬ ಆಲೋಚನೆಗೆ ಅವಕಾಶವಿಲ್ಲ. ರಸ್ತೆಯ ಬದಿಗೆ ಬಂದು ಇಂಜಿನ್ನನ್ನು ಆರಿಸಬೇಕು. ಹಳದಿ ಬಣ್ಣದ ಇಂಜಿನ್ ದೀಪ ಸ್ಥಿರವಾಗಿ ಉರಿಯುತ್ತಿದ್ದು, ವಾಹನ ಎಂದಿನಂತೆ ಓಡುತ್ತಿದ್ದರೆ ಗಾಬರಿ ಬೇಡ. ಅದೇ ದೀಪ ಮಿನುಗತೊಡಗಿದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ವೇಗ ತಗ್ಗಿಸಿ ಹತ್ತಿರದ ಗ್ಯಾರೇಜನ್ನು ನೋಡಿಕೊಳ್ಳಬೇಕು.

ಹಳೆಯ ವಾಹನಗಳಿಗೆ ಬರುವ ತೊಂದರೆಗಳಲ್ಲಿ ಇಂಜಿನ್ ಬಿಸಿಯಾಗುವುದೇ ಹೆಚ್ಚು ಪರಿಚಿತವಾದದ್ದು. ಈ ದೋಷ ತನ್ನ ಗುಟ್ಟನ್ನು ತಾನೇ ಹೇಳುತ್ತದೆ. ಕೇಳಿಸಿಕೊಳ್ಳುವ ವ್ಯವಧಾನ ಬೇಕು. ಊರಿನ ದಟ್ಟಣೆಯಲ್ಲಿ ನಿಂತಾಗ ಮುಳ್ಳು ಮೇಲೇರಿ, ಬಯಲಿನ ರಸ್ತೆಯಲ್ಲಿ ಓಡತೊಡಗಿದೊಡನೆ ಇಳಿಯುವುದಾದರೆ ರೇಡಿಯೇಟರಿನ ವಿದ್ಯುತ್ ಫ್ಯಾನು ತಿರುಗುತ್ತಿಲ್ಲ ಎಂದು ಬಹುಪಾಲು ಊಹಿಸಬಹುದು. ಓಡುವಾಗ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದೆ, ನಿಂತಾಗ ಅದೂ ಇಲ್ಲ. ದೋಷವು ಫ್ಯೂಸು, ರಿಲೇ ಅಥವಾ ಫ್ಯಾನಿನ ಮೋಟಾರಿನಲ್ಲಿ ಇರುತ್ತದೆ. ಇದಕ್ಕೆ ವಿರುದ್ಧವಾಗಿ, ಊರಿನಲ್ಲಿ ಸರಿಯಾಗಿದ್ದು ಘಟ್ಟ ಹತ್ತುವಾಗ ಮಾತ್ರ ಮುಳ್ಳು ಏರಿದರೆ ನೀರು ಕಡಿಮೆಯಾಗಿರಬಹುದು, ರೇಡಿಯೇಟರಿನ ಕೊಳವೆಗಳಲ್ಲಿ ತುಕ್ಕು ಕಟ್ಟಿರಬಹುದು, ನೀರಿನ ಪಂಪು ಅಥವಾ ಥರ್ಮೋಸ್ಟಾಟ್ ಕೆಟ್ಟಿರಬಹುದು. ಈ ಒಂದು ವ್ಯತ್ಯಾಸವನ್ನು ಸರಿಯಾಗಿ ಹೇಳಿದರೆ ಮೆಕ್ಯಾನಿಕನ ಅರ್ಧ ದಿನವೂ ನಿಮ್ಮ ಅರ್ಧ ಖರ್ಚೂ ಉಳಿಯುತ್ತವೆ.

ಮುಳ್ಳು ಏರುತ್ತಿರುವುದು ಕಂಡಾಗ ಎ.ಸಿ.ಯನ್ನು ಆರಿಸಿ, ಹೀಟರನ್ನು ಪೂರ್ಣವಾಗಿ ತೆರೆದು, ಕಿಟಕಿಯ ಗಾಜುಗಳನ್ನು ಇಳಿಸಿ. ಬೇಸಿಗೆಯಲ್ಲಿ ಹೀಟರೇ ಎಂದು ಮನೆಯವರು ಗೊಣಗಬಹುದು. ಆದರೆ ಹೀಟರು ಎಂಬುದು ಮತ್ತೊಂದು ಪುಟ್ಟ ರೇಡಿಯೇಟರು. ಇಂಜಿನ್ನಿನ ಬಿಸಿಯಲ್ಲಿ ಒಂದಂಶವನ್ನು ಅದು ಒಳಗೆ ಎಳೆದುಕೊಳ್ಳುತ್ತದೆ. ಮುಳ್ಳು ಕೆಂಪು ಗೆರೆಯನ್ನು ಮುಟ್ಟಿದರೆ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬಾರದು. ಬಯಲಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಒಳಗೆ ಒತ್ತಡವನ್ನು ಹಿಡಿದಿಟ್ಟು, ಅದು ಸುಮಾರು 120 ಡಿಗ್ರಿಯವರೆಗೂ ಕುದಿಯದಂತೆ ನೋಡಿಕೊಳ್ಳುತ್ತದೆ. ಮುಚ್ಚಳವನ್ನು ತಿರುವಿದೊಡನೆ ಒತ್ತಡ ತಪ್ಪಿ, ಆ ನೀರಿನ ಒಂದಂಶ ಕ್ಷಣಮಾತ್ರದಲ್ಲಿ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಒದ್ದೆ ಬಟ್ಟೆ ಹಿಡಿದು ತೆಗೆಯುವುದರಿಂದ ಅಪಾಯ ಕಡಿಮೆಯಾಗುವುದಿಲ್ಲ. ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ, ಮೇಲಿನ ಹೋಸ್ ಪೈಪು ಕೈಗೆ ತಣ್ಣಗೆನಿಸುವವರೆಗೆ ಕಾಯಬೇಕು. ಕಾದ ಇಂಜಿನ್ನಿಗೆ ತಣ್ಣೀರನ್ನು ಸುರಿದರೆ ಲೋಹ ಬಿರಿಯುವ ಸಂಭವವಿದೆ. ಕಾದ ಕಾವಲಿಗೆ ನೀರು ಚಿಮುಕಿಸಿದಾಗ ಅದು ಹೇಗೆ ಸಿಡಿಯುತ್ತದೆಂದು ನಮ್ಮ ಗೃಹಿಣಿಯರು ಬಲ್ಲರು.

ಘಟ್ಟ ಹತ್ತುವಾಗ ಇಂಜಿನ್ನಿಗೆ ಕಷ್ಟ; ಇಳಿಯುವಾಗ ಬ್ರೇಕಿಗೆ. ಎರಡನೆಯದು ಹೆಚ್ಚು ಅಪಾಯಕರ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಯುವ ಮಟ್ಟ ಕನಿಷ್ಠ 205 ಡಿಗ್ರಿ ಇರಬೇಕೆಂದು ನಿಗದಿಯಾಗಿದೆ. ತೇವ ಹೀರಿದ ದ್ರವಕ್ಕೆ ಈ ಮಟ್ಟ 140 ಡಿಗ್ರಿಯಷ್ಟೇ. ಉದ್ದವಾದ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಕೊಂಡೇ ಬಂದರೆ ಹಳಸಿದ ದ್ರವ ಕುದಿದು ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವದಂತೆ ಆವಿ ಒತ್ತಡವನ್ನು ಸಾಗಿಸಲಾರದು. ಪೆಡಲು ನೆಲದವರೆಗೆ ಇಳಿಯುತ್ತದೆ, ವಾಹನ ನಿಲ್ಲುವುದಿಲ್ಲ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲನ್ನು ಪೂರ್ತಿಯಾಗಿ ಬದಲಾಯಿಸಬೇಕು, ಹತ್ತಿದ ಗೇರಿನಲ್ಲಿಯೇ ಇಳಿಯಬೇಕು. ಇಷ್ಟಾದರೂ ಪೆಡಲು ಕುಸಿದರೆ ಅದನ್ನು ಬೇಗ ಬೇಗ ಒತ್ತಿ ಬಿಡುತ್ತಾ, ಒಂದೊಂದೇ ಗೇರನ್ನು ಇಳಿಸುತ್ತಾ, ಕೈಬ್ರೇಕನ್ನು ಹಂತ ಹಂತವಾಗಿ ಎಳೆಯಬೇಕು. ಇಂಜಿನ್ನನ್ನು ಆರಿಸಕೂಡದು, ನ್ಯೂಟ್ರಲಿಗೆ ತರಕೂಡದು. ಪೆಟ್ರೋಲು ಉಳಿಸಲೆಂದು ಇಳಿಜಾರಿನಲ್ಲಿ ಇಂಜಿನ್ ಆರಿಸಿಕೊಂಡು ಬರುವ ಅಭ್ಯಾಸ ಇಂದಿಗೂ ಕೆಲವರಲ್ಲಿ ಉಳಿದಿದೆ. ಹಾಗೆ ಮಾಡಿದರೆ ಬ್ರೇಕಿಗೆ ಇಂಜಿನ್ನಿನಿಂದ ದೊರೆಯುವ ಸಹಾಯಬಲ ತಪ್ಪುತ್ತದೆ. ಬೀಗದ ಕೈ ಹೊರಬಂದರೆ ಸ್ಟಿಯರಿಂಗೇ ಕಟ್ಟಿಕೊಳ್ಳಬಹುದು.

ಇನ್ನು ವಿದ್ಯುತ್ತಿನ ವಿಷಯ. ಯಂತ್ರದ ದೋಷ ಸಾಮಾನ್ಯವಾಗಿ ಸದ್ದು ಮಾಡುತ್ತದೆ, ಹೊಗೆಯಾಡುತ್ತದೆ, ತೊಟ್ಟಿಕ್ಕುತ್ತದೆ. ತಂತಿಯ ದೋಷ ಮೌನವಾಗಿ ಬೆಳೆಯುತ್ತದೆ. ಬೆಳಿಗ್ಗೆ ಹೊರಡುವಾಗ ಸೆಲ್ಫ್ ಹಾಕಿದರೆ ಬರಿಯ 'ಟಕ್ ಟಕ್' ಸದ್ದು ಬಂದಿತೆನ್ನಿ. ಕೂಡಲೇ ಹೊಸ ಬ್ಯಾಟರಿ ತರಿಸುವ ಅಗತ್ಯವಿಲ್ಲ. ಬ್ಯಾಟರಿಯ ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ತಂತಿಗಳನ್ನು ಬಿಚ್ಚಿ, ಅಡಿಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಉಜ್ಜಿ, ಒರೆಸಿ, ಬಿಗಿಯಾಗಿ ಕಟ್ಟಬೇಕು. ಬಿಚ್ಚುವಾಗ ಮೊದಲು ಋಣ ತಂತಿ, ಕಟ್ಟುವಾಗ ಕೊನೆಗೆ ಋಣ ತಂತಿ. ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಮಲ್ಟಿಮೀಟರು ಮನೆಯಲ್ಲಿದ್ದರೆ ಊಹೆಯ ಗೊಡವೆಯೇ ಇರುವುದಿಲ್ಲ. ನಿಂತ ವಾಹನದ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಇಂಜಿನ್ ಓಡುತ್ತಿರುವಾಗ ಅದು ಸಾಮಾನ್ಯವಾಗಿ 13.8ರಿಂದ 14.5ರವರೆಗೆ ಏರಬೇಕು. ಏರದಿದ್ದರೆ ದೋಷ ಬ್ಯಾಟರಿಯದಲ್ಲ, ಅದನ್ನು ತುಂಬಿಸುವ ಆಲ್ಟರ್ನೇಟರಿನದು ಅಥವಾ ಅದರ ಬೆಲ್ಟಿನದು. ಇದನ್ನು ತಿಳಿಯದೆ ಹೊಸ ಬ್ಯಾಟರಿ ಕೊಂಡು, ಎರಡೇ ದಿನಗಳಲ್ಲಿ ಅದೂ ಬರಿದಾಗಿ, ಅಂಗಡಿಯವನ ಮೇಲೆ ಸಿಟ್ಟಾಗುವವರು ಉಂಟು. ಚೆನ್ನೈ, ಹೈದರಾಬಾದುಗಳಂತಹ ಉಷ್ಣ ಪ್ರದೇಶಗಳಲ್ಲಿ ಬ್ಯಾಟರಿಯ ಆಯುಷ್ಯ ಇನ್ನೂ ಕಡಿಮೆ ಎಂಬುದನ್ನು ಗಮನಿಸಬೇಕು.

ಓಡುತ್ತಿರುವಾಗ ಬ್ಯಾಟರಿಯ ಕೆಂಪು ದೀಪವೊಂದೇ ಹೊತ್ತಿದರೆ, ಹಗಲಾಗಿದ್ದಲ್ಲಿ, ಎ.ಸಿ., ಸಂಗೀತ ಮೊದಲಾದವುಗಳನ್ನು ಆರಿಸಿ, ಇಂಜಿನ್ನನ್ನು ಮಾತ್ರ ನಿಲ್ಲಿಸದೆ ಹತ್ತಿರದ ಊರನ್ನು ಸೇರಲು ಯತ್ನಿಸಬಹುದು. ಆದರೆ ಆ ದೀಪದ ಜೊತೆಯಲ್ಲಿ ಉಷ್ಣತೆಯ ಮುಳ್ಳೂ ಏರಿದರೆ ಬೆಲ್ಟು ತುಂಡಾಗಿರಬೇಕು. ಅನೇಕ ವಾಹನಗಳಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ಆಗ ಒಂದು ಕಿಲೋಮೀಟರೂ ಮುಂದುವರಿಯಬಾರದು.

ನನ್ನ ದೃಷ್ಟಿಯಲ್ಲಿ ಹಳೆಯ ವಾಹನದ ಅತಿ ದೊಡ್ಡ ಶತ್ರು ವಯಸ್ಸಲ್ಲ. ಅದರ ಮೇಲೆ ನಡೆದ ಅಲಂಕಾರ. ಪ್ರಖರವಾದ ದೀಪ, ಜೋರಾದ ಹಾರನ್, ಹೊಸ ಸ್ಟೀರಿಯೋ ಎಂದು ಒಬ್ಬೊಬ್ಬರು ಒಂದೊಂದು ತಂತಿಯನ್ನು ಕತ್ತರಿಸಿ, ತಿರುಚಿ, ಟೇಪು ಸುತ್ತಿ ಬಿಟ್ಟಿರುತ್ತಾರೆ. ಲೆಕ್ಕ ಸುಲಭವಾದದ್ದು. 12 ವೋಲ್ಟಿನಲ್ಲಿ 60 ವಾಟಿನ ಎರಡು ದೀಪಗಳಿಗೆ 10 ಆಂಪಿಯರ್ ವಿದ್ಯುತ್ತು ಸಾಕು. ಅಲ್ಲಿ 100 ವಾಟಿನ ದೀಪಗಳನ್ನು ಹಾಕಿಸಿದರೆ ಸುಮಾರು 17 ಆಂಪಿಯರ್ ಹರಿಯುತ್ತದೆ. ತಂತಿ ಮಾತ್ರ ಹಳೆಯದೇ. ಫ್ಯೂಸು ಸುಟ್ಟುಹೋಗುತ್ತದೆ, ಸುಟ್ಟುಹೋಗುವುದೇ ಅದರ ಧರ್ಮ. ಆಗ ಅದರ ಜಾಗದಲ್ಲಿ ಇನ್ನೂ ದೊಡ್ಡ ಫ್ಯೂಸನ್ನೋ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವನ್ನೋ, ತಾಮ್ರದ ಎಳೆಯನ್ನೋ ಸಿಕ್ಕಿಸುತ್ತಾರೆ. ಅಲ್ಲಿಗೆ ಮುಂದೆ ಸುಡುವುದು ತಂತಿ, ಆಮೇಲೆ ವಾಹನ. ಪೆಟ್ಟಿಗೆಯ ಮೇಲೆ ಬರೆದಿರುವ ಆಂಪಿಯರಿನ ಬಿಡಿ ಫ್ಯೂಸುಗಳನ್ನೇ ಇಟ್ಟುಕೊಳ್ಳಬೇಕು. ಹೊಸದು ಹಾಕಿದೊಡನೆ ಅದೂ ಹೋದರೆ, ಮೂರನೆಯದನ್ನು ಹಾಕದೆ ದೋಷವನ್ನು ಹುಡುಕಿಸಬೇಕು. ಮಳೆಗಾಲದಲ್ಲಿ ಬೆಚ್ಚಗೆ ಸೇರಿಕೊಳ್ಳುವ ಇಲಿಗಳು ತಂತಿ ಕಡಿಯುವುದೂ ಸಾಮಾನ್ಯ. ವಾರಕ್ಕೊಮ್ಮೆಯಾದರೂ ಬಾನೆಟ್ ತೆರೆದು ನೋಡಬೇಕು.

ಸುಟ್ಟ ರಬ್ಬರಿನ ವಾಸನೆ ಬಂದರೆ ಇಂಜಿನ್ ಆರಿಸಿ, ಎಲ್ಲರನ್ನೂ ಇಳಿಸಿ ದೂರ ಕಳುಹಿಸಿ. ಬಾನೆಟ್ಟಿನ ಅಂಚಿನಿಂದ ಹೊಗೆ ಬರುತ್ತಿದ್ದರೆ ಅದನ್ನು ಪೂರ್ತಿ ತೆರೆಯಬಾರದು. ಗಾಳಿ ಸಿಕ್ಕೊಡನೆ ಬೆಂಕಿ ಭುಗಿಲೇಳುತ್ತದೆ. ಸಾಮಾನು ಇಳಿಸಿಕೊಳ್ಳಲು ಹಿಂದಿರುಗುವಷ್ಟು ಬೆಲೆಯದು ಯಾವುದೂ ಅದರಲ್ಲಿಲ್ಲ. ಸಿ.ಎನ್.ಜಿ. ವಾಹನದಲ್ಲಿ ಅನಿಲದ ವಾಸನೆ ಬಂದರೆ ಇಂಜಿನ್ ಆರಿಸಿ, ಬಾಗಿಲುಗಳನ್ನು ತೆರೆದಿಟ್ಟು, ಸಿಲಿಂಡರಿನ ಕವಾಟವನ್ನು ಮುಚ್ಚಬೇಕು; ಬೇರೆ ಯಾವ ಸ್ವಿಚ್ಚನ್ನೂ ಒತ್ತಬಾರದು. ಸಿಲಿಂಡರಿನ ಒತ್ತಡ ಪರೀಕ್ಷೆ ಮೂರು ವರ್ಷಕ್ಕೊಮ್ಮೆ ಕಡ್ಡಾಯ.

ಹೆದ್ದಾರಿಯಲ್ಲಿ ಕೆಟ್ಟು ನಿಂತಾಗ ಕೆಟ್ಟ ಕಾರಿಗಿಂತ ಹಿಂದಿನಿಂದ ಬರುವ ವಾಹನ ಹೆಚ್ಚು ಅಪಾಯಕಾರಿ. ಗಂಟೆಗೆ 100 ಕಿಲೋಮೀಟರು ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 28 ಮೀಟರು ಕ್ರಮಿಸುತ್ತದೆ. ಎಚ್ಚರಿಕೆಯ ತ್ರಿಕೋನವನ್ನು ಕಾರಿನಿಂದ ಹತ್ತು ಹೆಜ್ಜೆ ಹಿಂದಿಟ್ಟರೆ ಏನೂ ಪ್ರಯೋಜನವಿಲ್ಲ. 50 ಮೀಟರು, ವೇಗದ ಹೆದ್ದಾರಿಯಲ್ಲಿ 100 ಮೀಟರಾದರೂ ಹಿಂದಿರಬೇಕು. ನಾಲ್ಕೂ ಸೂಚಕ ದೀಪಗಳನ್ನು ಹಾಕಿ, ಮಕ್ಕಳು ಹಿರಿಯರನ್ನು ಕಾರಿನೊಳಗೆ ಕೂರಿಸದೆ, ರಸ್ತೆಯ ತಡೆಗೋಡೆಯ ಆಚೆಗೆ ಕರೆದೊಯ್ಯಬೇಕು. ವಾಹನಗಳು ಹಾಯುವ ಬದಿಯಲ್ಲಿ ಕುಳಿತು ಸ್ಟೆಪ್ನಿ ಬದಲಾಯಿಸುವ ಸಾಹಸ ಬೇಡ. ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033, ಯಾವುದೇ ತುರ್ತಿಗೆ 112 ಸಂಖ್ಯೆಗೆ ಕರೆ ಮಾಡಬಹುದು. ಬದಿಯ ಕಿಲೋಮೀಟರು ಕಲ್ಲಿನ ಸಂಖ್ಯೆಯನ್ನು ಹೇಳಿದರೆ ನೆರವು ಬೇಗ ತಲುಪುತ್ತದೆ.

ಮುಂಬಯಿಯವರು 2005ರ ಜುಲೈ 26ನ್ನು ಮರೆತಿರಲಾರರು. ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಬಿದ್ದ ಆ ದಿನ, ಕಾರುಗಳೊಳಗೆ ಸಿಕ್ಕಿಕೊಂಡು ಸತ್ತವರೂ ಇದ್ದರು. ನೀರು ನುಗ್ಗಿದ ವಾಹನದಲ್ಲಿ ವಿದ್ಯುತ್ ಕಿಟಕಿ, ಬಾಗಿಲಿನ ಬೀಗ ಯಾವಾಗ ಸ್ಥಗಿತಗೊಳ್ಳುತ್ತವೆಂದು ಹೇಳಲಾಗದು. ನೀರು ಬಾಗಿಲಿನ ಮಟ್ಟಕ್ಕೆ ಬರುವ ಮೊದಲೇ ಗಾಜಿಳಿಸಿ, ವಾಹನವನ್ನು ಬಿಟ್ಟು ಹೊರಬರಬೇಕು. ನೀರಿನಲ್ಲಿ ನಿಂತುಹೋದ ಇಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಬಾರದು. ಸಿಲಿಂಡರಿಗೆ ಹೊಕ್ಕ ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಒಳಗಿನ ಕನೆಕ್ಟಿಂಗ್ ರಾಡು ಬಾಗುತ್ತದೆ.

ಪರಭಾಷೆಯ ಊರಿನಲ್ಲಿ ಗ್ಯಾರೇಜಿಗೆ ಹೋದಾಗ ಒಂದು ಕಿವಿಮಾತು. ಬಿಡಿಭಾಗದ ಹೆಸರನ್ನು ಊಹಿಸಿ ಹೇಳಬೇಡಿ, ಲಕ್ಷಣವನ್ನು ಹೇಳಿ. 'ಪಂಪು ಬದಲಿಸಿ' ಎಂದರೆ ಪಂಪು ಬದಲಾಗುತ್ತದೆ, ದೋಷ ಉಳಿಯುತ್ತದೆ. ಯಾವ ವೇಗದಲ್ಲಿ, ಬಿಸಿಯಿದ್ದಾಗಲೋ ತಣ್ಣಗಿದ್ದಾಗಲೋ, ಎಷ್ಟು ಹೊತ್ತಿನ ನಂತರ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಹರುಕು ಮರಾಠಿ, ತಮಿಳುಗಳಲ್ಲಿಯೂ ಕೆಲಸ ಸಾಗುತ್ತದೆ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.

ಕಾಗದಪತ್ರಗಳ ಬಗ್ಗೆಯೂ ಎರಡು ಮಾತು. ಕರ್ನಾಟಕದಲ್ಲಿ ನೋಂದಣಿಯಾದ ವಾಹನವನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗೆ ಮೀರಿ ಇಟ್ಟುಕೊಂಡರೆ, 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು. ಸ್ವಂತ ಬಳಕೆಯ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ. ಆಮೇಲೆ ಪರೀಕ್ಷೆಗೊಳಪಡಿಸಿ ಐದೈದು ವರ್ಷಗಳಿಗೆ ನವೀಕರಿಸಬೇಕು. ದೆಹಲಿಯ ಸ್ಥಿತಿ ಬೇರೆ. ಅಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಓಡಾಟವನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿರ್ಬಂಧಿಸಿತು. 2025ರಲ್ಲಿ ಈ ಕುರಿತು ಮತ್ತೆ ಆದೇಶಗಳು ಬಂದವು. ಅಲ್ಲಿನ ನಿವಾಸಿಗಳು ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಂಡೇ ವಾಹನ ಹೊರತೆಗೆಯುವುದು ಲೇಸು.

ಬ್ಯಾಟರಿ, ಬೆಲ್ಟು, ಹೋಸ್ ಪೈಪುಗಳು ಬದಲಾಯಿಸಬಲ್ಲ ವಸ್ತುಗಳು. ಚಾಸಿಯ ತೊಲೆಗಳಿಗೂ ಸಸ್ಪೆನ್ಷನ್ ಕೂಡುವ ಜಾಗಗಳಿಗೂ ತುಕ್ಕು ಹಿಡಿದು ತೂತು ಬಿದ್ದಿದ್ದರೆ, ಆ ವಾಹನದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಇಳಿಯಬಾರದು, ಅದು ಎಷ್ಟೇ ಅಕ್ಕರೆಯದಾಗಿರಲಿ. ಅಂಥದನ್ನು ಗುಜರಿಯವನಿಗೆ ಕೊಡದೆ, 2021ರ ನಿಯಮಗಳಂತೆ ನೋಂದಾಯಿತವಾದ ವಾಹನ ವಿಲೇವಾರಿ ಕೇಂದ್ರಕ್ಕೆ ಒಪ್ಪಿಸಿ ಠೇವಣಿ ಪ್ರಮಾಣಪತ್ರ ಪಡೆಯಬೇಕು. ಆ ಪತ್ರ ತೋರಿಸಿದವರಿಗೆ ಹೊಸ ವಾಹನದ ತೆರಿಗೆಯಲ್ಲಿ ಶೇಕಡ 25ರವರೆಗೆ ರಿಯಾಯಿತಿ ನೀಡಲು ರಾಜ್ಯಗಳಿಗೆ ಅವಕಾಶವಿದೆ. ನಿಮ್ಮ ರಾಜ್ಯದಲ್ಲಿ ಅದು ಎಷ್ಟೆಂಬುದನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ತಿಳಿದುಕೊಳ್ಳಬಹುದು.